ಕರಾವಳಿಯ ಮನೆಗೆ ಹಳೆ ಟರ್ನ್‌ಟೇಬಲ್ಲೋ, ಹೊಸದೋ?

ಮಂಗಳೂರು, ಉಡುಪಿ ಕಡೆ ಹಾಡಿನ ಪ್ಲೇಟು ನುಡಿಸುವ ಹಳೆ ಟರ್ನ್‌ಟೇಬಲ್ ಮಾರಾಟಕ್ಕೆ ಬಂದರೆ ಕಂಪೆನಿಯ ಹೆಸರಿಗಿಂತ ಮೊದಲು ಹಿಂಬದಿಯ ಪಟ್ಟಿ ಓದಿ. ಇಲ್ಲಿನ ಎಷ್ಟೋ ಸೆಟ್ಟುಗಳು ಗಲ್ಫಿನಿಂದ ಬಂದವು. ದುಬೈ, ಕುವೈತ್, ಮಸ್ಕತ್ತಿನ ಕರೆಂಟು ನಮ್ಮದರಂತೆಯೇ 50 ಹರ್ಟ್ಜ್ (ಸೆಕೆಂಡಿಗೆ 50 ಆವರ್ತನೆ), ಸೌದಿಯದ್ದು 60. ಎಸಿ ಮೋಟಾರಿನ ಬೆಲ್ಟ್ ಸೆಟ್ಟಾಗಲಿ, ರಬ್ಬರ್ ಚಕ್ರದ ಐಡ್ಲರ್ ಸೆಟ್ಟಾಗಲಿ, ವೇಗ ನಿಂತಿರುವುದು ಈ ಹರ್ಟ್ಜ್ ಮೇಲೆ. 60ಕ್ಕೆ ಮಾಡಿದ ಪುಲ್ಲಿ ಇದ್ದರೆ ಇಲ್ಲಿ ನಿಮಿಷಕ್ಕೆ 33⅓ರ ಬದಲು ಸುಮಾರು 27.8 ಸುತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಮೂರು ಮನೆ ಕೆಳಗೆ! ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ ಎಂದರೆ ಒಪ್ಪಬೇಡಿ. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ. 50ರ ಪುಲ್ಲಿ ಸಿಗದಿದ್ದರೆ ಆ ಸೆಟ್ ಬೇಡ.

ಈ ತೊಂದರೆ ಇಲ್ಲದ್ದು ಡೈರೆಕ್ಟ್ ಡ್ರೈವ್. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ದಲ್ಲಿ ತಟ್ಟೆಯ ಅಡಿಯಲ್ಲೇ ಮೋಟಾರು, ವೇಗ ಕಾಯುವುದು ಕ್ವಾರ್ಟ್ಜ್. ವೋಲ್ಟೇಜ್ ಹೊಂದಿದರೆ ಸಾಕು. ಹಳೆಯದರಲ್ಲಿ ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ. ಕೊಳ್ಳುವಾಗ ಸೂಜಿ ಹೊತ್ತ ತೋಳಾದ ಟೋನ್‌ಆರ್ಮಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಲೊಡಕು ಕಂಡರೂ ಬೇರಿಂಗ್ ಹೋಗಿದೆ ಎಂದೇ ತಿಳಿಯಿರಿ.

ಉಳಿದ ಹಳೆಯ ಸೆಟ್ಟುಗಳಿಗೆ ನಮ್ಮ ಹವೆಯೇ ಶತ್ರು. ಎಚ್‌ಎಂವಿ ಫಿಯೆಸ್ತಾದಂಥ ಪೆಟ್ಟಿಗೆ ಸೆಟ್ಟುಗಳಲ್ಲಿ ಹೆಚ್ಚಾಗಿ ಕ್ರಿಸ್ಟಲ್ ಇಲ್ಲವೇ ಸೆರಾಮಿಕ್ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಇರುತ್ತದೆ. ಕ್ರಿಸ್ಟಲ್ ಎಂದರೆ ರೋಶೆಲ್ ಉಪ್ಪಿನ ಹರಳು. ಆಟಿ ತಿಂಗಳ ತೇವ ಕುಡಿದು ಅದು ಕರಗುತ್ತದೆ, ದನಿ ಕ್ಷೀಣಿಸಿ ಕೊನೆಗೆ ನಿಂತೇಹೋಗುತ್ತದೆ. ಅದರ ಜಾಗಕ್ಕೆ ಸೆರಾಮಿಕ್ ಹಾಕಿಸಿ. ಐಡ್ಲರ್ ಸೆಟ್ಟನ್ನು ಗೇರಿನಲ್ಲೇ ಬಿಟ್ಟು ಅಟ್ಟಕ್ಕೇರಿಸಿದ್ದರೆ ಚಕ್ರದ ಅಂಚು ಒಂದು ಕಡೆ ತಗ್ಗಾಗಿ ಪ್ರತಿ ಸುತ್ತಿಗೂ ಟಕ್ ಟಕ್ ಎನ್ನುತ್ತದೆ. ಆ ತಗ್ಗು ಉಜ್ಜಿದರೆ ಹೋಗದು, ಚಕ್ರವನ್ನೇ ಬದಲಿಸಬೇಕು. ಆಟೊಮ್ಯಾಟಿಕ್ ಸೆಟ್ಟಿನ ಆರ್ಮ್ ಅರ್ಧದಲ್ಲೇ ನಿಂತರೆ ಬಲವಂತ ಮಾಡಬೇಡಿ. ಒಳಗಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿದೆ, ಅಷ್ಟೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಹೊಸ ಗ್ರೀಸ್ ಹಚ್ಚಿದರೆ ಓಡುತ್ತದೆ.

ರಿಪೇರಿಯ ಉಸಾಬರಿ ಬೇಡ ಎನ್ನುವವರಿಗೆ ಹೊಸದೇ ವಾಸಿ. ಆಡಿಯೊ-ಟೆಕ್ನಿಕಾ ಎಟಿ-ಎಲ್‌ಪಿ60ಎಕ್ಸ್‌ನಲ್ಲಿ ಗುಂಡಿ ಒತ್ತಿದರೆ ಆರ್ಮ್ ತಾನೇ ಹೋಗಿ ಕೂರುತ್ತದೆ. ಆದರೆ ಸೂಜಿಯ ಭಾರ ಹೊಂದಿಸಲು ಬರುವುದಿಲ್ಲ, ಕಾರ್ಟ್ರಿಜ್ ಬದಲಿಸಲಾಗದು, ತೀರ ಹಳೆಯ ಪ್ಲೇಟುಗಳಿಗೆ ಬೇಕಾದ ನಿಮಿಷಕ್ಕೆ 78 ಸುತ್ತಿನ ವೇಗವೂ ಇಲ್ಲ. ಸೂಜಿಯ ಸಣ್ಣ ದನಿಯನ್ನು ಹಿಗ್ಗಿಸುವ ಪ್ರೀಆಂಪ್ ಒಳಗೇ ಇದೆ. ಅದನ್ನು ಲೈನ್‌ಗೆ ಇಟ್ಟು ಆಂಪ್ಲಿಫೈಯರಿನ ಫೋನೊ ಸಾಕೆಟಿಗೆ ಸಿಕ್ಕಿಸಿದರೆ ದನಿ ಎರಡು ಸಲ ಹಿಗ್ಗಿ ಒಡೆಯುತ್ತದೆ. ಸ್ವಲ್ಪ ಹೆಚ್ಚು ಖರ್ಚಾದರೂ ಎಟಿ-ಎಲ್‌ಪಿ120ಎಕ್ಸ್ ಕೊಳ್ಳುವುದು ಮೇಲು: ಡೈರೆಕ್ಟ್ ಡ್ರೈವ್, ಮೂರೂ ವೇಗ, ಕಾರ್ಟ್ರಿಜ್ ಕೂರಿಸುವ, ಕಳಚಿ ಹಾಕಬಹುದಾದ ಹೆಡ್‌ಶೆಲ್. ಆರ್ಮ್ ಗಾಳಿಯಲ್ಲಿ ಸಮವಾಗಿ ತೇಲುವವರೆಗೆ ಹಿಂದಿನ ತೂಕದ ಬಿಲ್ಲೆ ತಿರುಗಿಸಿ, ಅಂಕಿಯ ಉಂಗುರವನ್ನಷ್ಟೇ ಸೊನ್ನೆಗೆ ತನ್ನಿ. ಆಮೇಲೆ ಬಿಲ್ಲೆ, ಉಂಗುರ ಎರಡನ್ನೂ ಒಟ್ಟಿಗೆ 2 ಗ್ರಾಮಿಗೆ ತಿರುಗಿಸಿ. ಆರ್ಮ್ ಒಳಕ್ಕೆ ಎಳೆಯದಂತೆ ತಡೆಯುವ ಆಂಟಿಸ್ಕೇಟ್ ಕೂಡ 2ಕ್ಕೆ. ಅದರ ವಿಎಂ95ಇ ಸೂಜಿಗೆ ಸುಮಾರು 300 ಗಂಟೆ ಆಯುಸ್ಸು.

ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಈ ಸೂಜಿ ಸಲ್ಲದು. ಅವುಗಳ ಗೆರೆ ಅಗಲ. ಎಲ್‌ಪಿ ಸೂಜಿ ತಳಕ್ಕಿಳಿದು ಅಲ್ಲಿನ ಕಸವನ್ನೇ ಕೆರೆಯುತ್ತದೆ. 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿಯ ಎಟಿ-ವಿಎಂ95ಎಸ್‌ಪಿ ಕಾರ್ಟ್ರಿಜನ್ನು ಬೇರೆ ಹೆಡ್‌ಶೆಲ್‌ಗೆ ಕಟ್ಟಿಸಿಟ್ಟುಕೊಳ್ಳಿ. ಅದಕ್ಕೆ 5 ಗ್ರಾಂ ಭಾರ ಬೇಕು, ಸೂಜಿ ತಕ್ಕಡಿಯಲ್ಲಿ ತೂಗಿಯೇ ಇಡಿ. ಆ ಪ್ಲೇಟಿನ ಬೂಷ್ಟು ತೆಗೆಯಲು ಆಲ್ಕೋಹಾಲ್ ಮುಟ್ಟಿಸಲೇಬಾರದು, ಪ್ಲೇಟು ಮಾಡಿದ ಅರಗೇ ಕರಗಿ ಹಾಡೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ಲೇಬಲ್ ಒದ್ದೆಯಾಗದಂತೆ ಗೆರೆಗುಂಟ ಒರೆಸಿ, ಫ್ಯಾನಿನಡಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ.