ಮಲೆನಾಡಿನ ಆರೋಗ್ಯ ಉಪಕೇಂದ್ರಗಳಲ್ಲಿ ತಾಯಿ-ಮಗುವಿನ ಸೇವೆ: ಯಾವುದನ್ನು ನಂಬಬಹುದು, ಎಲ್ಲಿ ಎಡವುತ್ತದೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸರ್ಕಾರ ಬಸುರಿ-ಬಾಣಂತಿಯರಿಗೆ ಕೊಡುವ ಸೇವೆಗಳಲ್ಲಿ ಧೈರ್ಯವಾಗಿ ನಂಬಬಹುದಾದದ್ದು ಗುರುವಾರದ ಲಸಿಕೆ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಬೀಳುವ ನ್ಯುಮೋನಿಯಾ ಲಸಿಕೆ, ಭೇದಿ ತಡೆಯುವ ರೋಟಾ ಹನಿ ಇಲ್ಲಿ ಉಚಿತ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಲಸಿಕೆ ಕೆಟ್ಟಿರಬಹುದೇ ಎಂಬ ಭಯವಿದ್ದರೆ ಬಾಟಲಿಯ ಗುರುತು ನೋಡಿ. ಬಣ್ಣದ ವೃತ್ತದೊಳಗೆ ಒಂದು ಪುಟ್ಟ ಚೌಕವಿರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ, ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಬಿಸಿ ತಾಗಿದೆ, ಬೇಡ ಅನ್ನಿ. ಕೇಳಿದರೆ ಸಿಸ್ಟರ್ ತೋರಿಸುತ್ತಾರೆ.

ತೊಡಕಿರುವುದು 9ನೇ ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿನಲ್ಲಿ. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದು, ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಕ್ಷಯದ ಲಸಿಕೆ ಬಿಸಿಜಿಗೂ ಇದೇ ನಿಯಮ. ಒಂಟಿಮನೆಗಳ ಊರಲ್ಲಿ ಒಂದೇ ಕೂಸು ಬಂದರೆ ಬಾಟಲಿ ಒಡೆಯಲು ಹಿಂಜರಿದು "ಮುಂದಿನ ವಾರ ಬನ್ನಿ" ಎಂದು ಕಳಿಸುವುದುಂಟು. ಇದು ತಪ್ಪು. ಮದ್ದು ಚೆಲ್ಲಿದರೆ ಚೆಲ್ಲಲಿ, ನಾಲ್ಕು ಮೈಲಿ ನಡೆದು ಬಂದ ತಾಯಿಯನ್ನು ಬರಿಗೈಲಿ ಕಳಿಸಬಾರದು. ಯಾವ ಗುರುವಾರ ಯಾವ ಅಂಗನವಾಡಿಯಲ್ಲಿ ಎಂದು ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಕೇಳಿ, ಬರುತ್ತೇವೆಂದು ಹೇಳಿಟ್ಟು, ಬೆಳಿಗ್ಗೆಯೇ ಹೋಗಿ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಬಿಸಿಜಿ ಹಾಕಿದ ಜಾಗ ಕೆಲವು ವಾರಕ್ಕೆ ಗುಳ್ಳೆಯಾಗಿ ಸೋರಿದರೆ ಗಾಬರಿ ಬೇಡ. ಅರಿಶಿನ, ಮುಲಾಮು ಏನೂ ಹಚ್ಚಬೇಡಿ, ತಾನೇ ಮಾಯುತ್ತದೆ.

ಬಸುರಿಯರಿಗೆ ಕಬ್ಬಿಣದ ಮಾತ್ರೆ 180 ಕೊಡುತ್ತಾರೆ. ಕೊಡುವುದೇನೋ ಸರಿ, ತೆಗೆದುಕೊಳ್ಳುವ ರೀತಿ ಹೇಳಿಕೊಡುವುದು ಸಾಲದು. ನಮ್ಮ ಕಡೆ ಊಟವಾದ ಕೂಡಲೇ ಕಾಫಿ ಬೇಕು, ಅದೇ ಲೋಟದಲ್ಲಿ ಮಾತ್ರೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಾತ್ರಿ ಊಟದ ನಂತರ ನಿಂಬೆ ಪಾನಕದ ಜೊತೆ ನುಂಗಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಬಿಡಬೇಡಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮಾತ್ರೆ ನಂಬಿ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ತಿಂಗಳ 9ನೇ ತಾರೀಖಿನ ಬಸುರಿಯರ ವಿಶೇಷ ತಪಾಸಣೆ ಚೆನ್ನಾಗಿದೆ, ಜನ ಜಾಸ್ತಿ. 108 ಆಂಬುಲೆನ್ಸ್ ಬರುತ್ತದೆ, ಆದರೆ ಮಣ್ಣಿನ ದಾರಿಯಲ್ಲಿ ಮನೆ ಬಾಗಿಲವರೆಗಲ್ಲ. ಆಷಾಢದಲ್ಲಿ ದಿನ ತುಂಬುವವರು ಟಾರು ರಸ್ತೆಯ ನೆಂಟರ ಮನೆಗೆ ವಾರ ಮೊದಲೇ ಬಂದಿರುವುದು ಲೇಸು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸೇತುವೆ ತೆರೆದು ಲಾಂಚ್ ಕಾಯುವ ಸಂಕಟವಾದರೂ ತಪ್ಪಿದೆ.

ಎಲ್ಲಕ್ಕಿಂತ ದೊಡ್ಡ ಲೋಪ ತವರಿನದು. ಹೆರಿಗೆಯಾದ 3, 7, 14, 21, 28, 42ನೇ ದಿನ ಆಶಾ ಮನೆಗೆ ಬಂದು ಕೂಸಿನ ತೂಕ, ಜ್ವರ ನೋಡಬೇಕು. ಆದರೆ ಹೆಸರು ಬರೆಸಿರುವುದು ಗಂಡನ ಊರಲ್ಲಿ, ಬಾಣಂತನ ತವರಲ್ಲಿ. ಎರಡೂ ಕಡೆಯವರು ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಏಳನೇ ತಿಂಗಳಲ್ಲಿ ತವರಿಗೆ ಬಂದ ವಾರವೇ ತಾಯಿ ಕಾರ್ಡು ಹಿಡಿದು ಅಲ್ಲಿನ ಆಶಾಳನ್ನು ಕಂಡು, ಕಾರ್ಡಿನ ನಂಬರ್ ಬರೆಸಿ, ಇಬ್ಬರು ಆಶಾಗಳಿಗೂ ಪರಸ್ಪರರ ಫೋನ್ ನಂಬರ್ ಕೊಡಿಸಿ.