ಹೇವರ್ಡ್ ಬೇ ಟೂರ್ ರಿವ್ಯೂ: ದುಡ್ಡು ಜಾಸ್ತಿನೇ, ಆದ್ರೂ ಇವ್ರ ಹತ್ರಾನೇ ಹೋಗಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಮಿಲ್ಪಿಟಾಸ್ ಕಡೆ ಇರೋ ನಮ್ಮೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಅಪ್ಪ ಅಮ್ಮ ಊರಿಂದ ಬಂದಿದ್ರು, ಗೋಲ್ಡನ್ ಗೇಟ್ ಬ್ರಿಡ್ಜ್‌ನ ಕಾರಲ್ಲಿ ಹೋಗಿ ತೋರಿಸೋದು ಎಲ್ರೂ ಮಾಡೋದೇ, ಈ ಸಲ ಮೇಲಿಂದಾನೇ ತೋರಿಸೋಣ ಅಂತ ಹೇವರ್ಡ್ ಏರ್‌ಪೋರ್ಟ್‌ನಲ್ಲಿರೋ ಒಂದು ಸಣ್ಣ ಕಂಪನಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇ (ಕೊಲ್ಲಿ) ಮೇಲೆ ಸುತ್ತಿಸೋ ಟೂರ್ ಬುಕ್ ಮಾಡಿದ್ವಿ. ಸೆಸ್ನಾ 172 ಅನ್ನೋ ಪುಟ್ಟ ವಿಮಾನ, ಪೈಲಟ್ ಬಿಟ್ರೆ ಮೂರೇ ಸೀಟು, ಹತ್ತಿರತ್ತಿರ ಒಂದು ಗಂಟೆ, ಮೂರು ಜನಕ್ಕೂ ಸೇರಿ 400 ಡಾಲರ್ ಮೇಲೇ ಬಿತ್ತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಇಷ್ಟೊಂದು ಯಾಕೆ ಕೊಟ್ರಿ ಅಂತ ಕೇಳೋರಿಗೆ ಹೇಳ್ಬೇಕು. ನಾವು ಹುಡುಕ್ತಿದ್ದಾಗಲೇ ಒಂದು ವಾಟ್ಸಾಪ್ ಗ್ರೂಪಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಇರೋ ಒಬ್ರು, ವೀಕೆಂಡ್ ಬೇ ಟೂರ್, ತಲೆಗೆ 100 ಡಾಲರ್, ಮೂರು ಸೀಟ್ ಇದೆ, ಇಂಟರೆಸ್ಟ್ ಇರೋರು ಪಿಂಗ್ ಮಾಡಿ ಅಂತ ಹಾಕಿದ್ರು. ಮನೇಲಿ ಎಲ್ರೂ ಅಲ್ಲೇ ಹೋಗೋಣ ಅಂದ್ರು, ನಾನು ಬೇಡ ಅಂದೆ. ಇಲ್ಲಿ ಬರೀ ಪ್ರೈವೇಟ್ ಪೈಲಟ್ ಲೈಸೆನ್ಸ್ ಇಟ್ಕೊಂಡು ದುಡ್ಡಿಗೆ ಜನರನ್ನ ಹಾರಿಸೋ ಹಾಗಿಲ್ಲ. ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ರೂಲ್ 61.113ರಲ್ಲಿ ಖರ್ಚು ಹಂಚ್ಕೊಳೋಕೆ ಒಂದು ವಿನಾಯ್ತಿ ಇದೆ, ಆದ್ರೆ ಹಂಚ್ಕೋಬಹುದಾಗಿದ್ದು ಫ್ಯೂಯೆಲ್, ಆಯಿಲ್, ಏರ್‌ಪೋರ್ಟ್ ಖರ್ಚು, ವಿಮಾನದ ಬಾಡಿಗೆ ಇಷ್ಟು ಮಾತ್ರ, ಅದ್ರಲ್ಲೂ ಪೈಲಟ್ ತನ್ನ ಪಾಲು ಪೂರ್ತಿ ಹಾಕ್ಲೇಬೇಕು. ಫ್ಯೂಯೆಲ್ ಸೇರಿ ಗಂಟೆಗೆ 200 ಡಾಲರ್ ಬಾಡಿಗೆ ಅಂತಿಟ್ಕೊಳಿ, ನಾಲ್ಕು ಜನ ಅಂದ್ರೆ ತಲಾ 50, ಪೈಲಟ್ದೂ 50. ಮೂರು ಜನರ ಹತ್ರ ನೂರು ನೂರು ಇಸ್ಕೊಂಡ್ರೆ ಬಾಡಿಗೆ ಕಳೆದು ಇನ್ನೂ 100 ಡಾಲರ್ ಅವ್ರ ಜೇಬಲ್ಲೇ ಉಳೀತು, ಜೊತೆಗೆ ಪೈಲಟ್ ಅನುಭವಕ್ಕೆ ಲೆಕ್ಕ ಆಗೋ ಫ್ಲೈಯಿಂಗ್ ಅವರ್ಸ್ ಬೇರೆ ಪುಕ್ಕಟೆ!

ಸರಿ, ಐವತ್ತೇ ತಗೊಂಡ್ರು ಅನ್ಕೊಳಿ, ಆಗ್ಲೂ ಪೂರ್ತಿ ಬಚಾವ್ ಇಲ್ಲ. ಪೈಲಟ್‌ಗೂ ಅಲ್ಲಿಗೆ ಹೋಗೋಕೆ ಅವ್ರದ್ದೇ ಆದ ಕಾರಣ ಇರ್ಬೇಕು, ನಮ್ಮನ್ನ ಸುತ್ತಾಡಿಸೋದೇ ಕೆಲಸ ಆಗಿರ್ಬಾರದು, ಮತ್ತೆ ಗೊತ್ತಿಲ್ಲದವರನ್ನೆಲ್ಲ ಬನ್ನಿ ಬನ್ನಿ ಅಂತ ಕರೆಯೋ ಹಾಗೂ ಇಲ್ಲ. ಫ್ಲೈಟ್‌ನೌ ಅಂತ ಒಂದು ಸ್ಟಾರ್ಟಪ್ ಇತ್ತು, ಪೈಲಟ್‌ಗಳು ಹೋಗೋ ಜಾಗ ಹಾಕೋದು, ಜನ ಸೀಟ್ ಹಿಡಿಯೋದು. ಎಫ್‌ಎಎ ಆಗಲ್ಲ ಅಂತು, ಇವ್ರು ಕೋರ್ಟಿಗೆ ಹೋದ್ರು, 2015ರಲ್ಲಿ ವಾಷಿಂಗ್ಟನ್ ಡಿಸಿ ಅಪೀಲ್ ಕೋರ್ಟಲ್ಲಿ ಸೋತ್ರು, 2017ರಲ್ಲಿ ಸುಪ್ರೀಂ ಕೋರ್ಟು ಕೇಸ್ ತಗೊಳೋಕೇ ಒಪ್ಲಿಲ್ಲ. ಯೂರೋಪಲ್ಲಿ ಇಂಥ ವೆಬ್‌ಸೈಟ್‌ಗಳು ಆರಾಮಾಗಿ ನಡೀತಿವೆ, ಅಲ್ಲಿನ ರೂಲ್ ಬೇರೆ. ಇಲ್ಲಿ ಹೆಚ್ಚುಕಮ್ಮಿ ಆದ್ರೆ ಪೈಲಟ್ ಲೈಸೆನ್ಸ್ ಹೋಗೋದು ಅವ್ರ ಹಣೆಬರಹ, ಆದ್ರೆ ಇದು ದುಡ್ಡಿಗೆ ಹಾರಿಸಿದ್ದು ಅಂತ ಇನ್ಶೂರೆನ್ಸ್‌ನೋರು ಕೈ ಎತ್ತಿದ್ರೆ ಹಿಂದೆ ಕೂತಿದ್ದ ನಮ್ಮ ಗತಿ ಏನು?

ಈ ಹೇವರ್ಡ್‌ನೋರಿಗೆ ಫೋನ್ ಮಾಡಿ 91.147 ಲೆಟರ್ ಇದ್ಯಾ ಅಂತ ಕೇಳಿದ್ದಕ್ಕೆ ಬೇಜಾರಿಲ್ದೆ ಕಾಪಿನೇ ಕಳಿಸಿದ್ರು. ಸಣ್ಣ ಸೈಟ್‌ಸೀಯಿಂಗ್ ಕಂಪನಿಗಳಿಗೆ ಎಫ್‌ಎಎ ಕೊಡೋ ಪರ್ಮಿಷನ್ ಅದು, ಹೊರಟ ಏರ್‌ಪೋರ್ಟಿಗೇ ವಾಪಸ್ ಇಳೀಬೇಕು, ಮಧ್ಯ ಎಲ್ಲೂ ಇಳಿಯಂಗಿಲ್ಲ, ಆ ಏರ್‌ಪೋರ್ಟಿಂದ 25 ಮೈಲಿ ಒಳಗೇ ಇರ್ಬೇಕು, ಪೈಲಟ್‌ಗೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಡ್ರಗ್ ಮತ್ತೆ ಆಲ್ಕೋಹಾಲ್ ಟೆಸ್ಟಿಂಗ್ ವ್ಯವಸ್ಥೆನೂ ಇರ್ಬೇಕು. ಹೇವರ್ಡ್‌ನಿಂದ ಗೋಲ್ಡನ್ ಗೇಟ್ ನೇರ ಅಳೆದ್ರೆ ಸುಮಾರು 22 ಮೈಲಿ, ಸರಿಹೋಗತ್ತೆ. ಪಾಲೋ ಆಲ್ಟೋದಿಂದ ಅಳೆದು ನೋಡಿ, 30 ದಾಟತ್ತೆ, ಅಲ್ಲಿಂದ ಯಾರಾದ್ರೂ ಬ್ರಿಡ್ಜ್ ತೋರಿಸ್ತೀವಿ ಅಂದ್ರೆ ಯಾವ ಪರ್ಮಿಷನ್ ಮೇಲೆ ಅಂತ ಕೇಳಿ. ಪೈಲಟ್ ಹೆಸರು ಗೊತ್ತಿದ್ರೆ ಎಫ್‌ಎಎ ಸೈಟಲ್ಲಿ ಹುಡುಕಿ, ಪ್ರೈವೇಟಾ ಕಮರ್ಷಿಯಲ್ಲಾ ಅಂತ ಬರತ್ತೆ, ಫ್ರೀ.

ಇನ್ನು ಟೂರ್ ವಿಷ್ಯ. ಕೌಂಟರ್ ಪಕ್ಕದಲ್ಲೇ ತೂಕದ ಮಿಷನ್ ಇಟ್ಟಿದ್ರು, ಅಮ್ಮ ಎಲ್ರೆದ್ರು ಹತ್ತಲ್ಲ ಅಂತ ಸ್ವಲ್ಪ ಹೊತ್ತು ಸತಾಯಿಸಿದ್ರು, ಆದ್ರೆ ಯಾರು ಎಲ್ಲಿ ಕೂರೋದು ಅಂತ ತೂಕ ನೋಡೇ ಹೇಳೋದು. ಅಪ್ಪಂಗೆ ಮುಂದಿನ ಸೀಟು, ನಾನು ಅಮ್ಮ ಹಿಂದೆ. ಎಲ್ರ ಸೊಂಟಕ್ಕೂ ಲೈಫ್ ಜಾಕೆಟ್ ಪೌಚ್ ಕಟ್ಟಿ, ಬಾಗಿಲು ತೆಗಿಯೋದು ಹೇಗೆ, ಬೆಲ್ಟ್ ಬಿಚ್ಚೋದು ಹೇಗೆ ಅಂತ ಅಮ್ಮನ ಕೈಲೇ ಮಾಡ್ಸಿದ್ರು. ಇದು ತುಂಬ ಇಷ್ಟ ಆಯ್ತು. ರೆಕ್ಕೆ ಮೇಲಿರೋದ್ರಿಂದ ಕೆಳಗೆ ಆಲ್ಕಟ್ರಾಜ್ ದ್ವೀಪ, ಬ್ರಿಡ್ಜ್ ಎಲ್ಲ ಚೆನ್ನಾಗಿ ಕಾಣತ್ತೆ. ಅಪ್ಪ ಹೆಡ್‌ಸೆಟ್‌ನಲ್ಲಿ ಪೈಲಟ್‌ನ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ರು, ಪಾಪ ಕಂಟ್ರೋಲರ್ ಜೊತೆ ಮಾತಾಡೋಕೆ ಕೈ ತೋರ್ಸಿ ನಿಲ್ಲಿಸ್ಬೇಕಾಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಮಂಜಿನ ವಿಷ್ಯಕ್ಕೆ. ಮೊದಲ್ನೇ ಸಲ ಬ್ರಿಡ್ಜ್ ಮುಚ್ಚೋಗಿದೆ ಅಂತ ಕ್ಯಾನ್ಸಲ್ ಮಾಡಿದ್ರು, ಅದು ಸರಿನೇ, ಆದ್ರೆ ದುಡ್ಡು ವಾಪಸ್ ಇಲ್ಲ, ಬೇರೆ ಡೇಟ್ ಮಾತ್ರ, ಬುಕ್ ಮಾಡೋವಾಗ ಈ ಮಾತು ಹೇಳಿರ್ಲಿಲ್ಲ. ಅಪ್ಪ ಅಮ್ಮನ ವಾಪಸ್ ಟಿಕೆಟ್ ಹತ್ರ ಇದ್ರೆ ಮೊದ್ಲೇ ಕೇಳ್ಕೊಳಿ. ಮಂಜು ಜಾಸ್ತಿ ಇರೋ ಜುಲೈ ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೋಗಿ. ಹಿಂದಿನ ಸೀಟಿಗೆ ತೂರ್ಕೊಂಡೇ ಹೋಗ್ಬೇಕು, ಅಮ್ಮಂದ್ರಿಗೆ ಸೀರೆ ಬೇಡ, ಚೂಡಿದಾರ್ ಹಾಕ್ಕೊಳೋಕೆ ಹೇಳಿ.