ಬಾಕ್ಸಿನಲ್ಲಿ ಕೊಂಡ ಸೂಸೆ, ಇಳಿಸಿಕೊಂಡ ಓಪನ್‌ಸೂಸೆ: ದೀರ್ಘಕಾಲದ ಬಳಕೆಯ ಅನಿಸಿಕೆ

ಸೂಸೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಮೊದಲು ಹಣ ಕೊಟ್ಟು, ಆಮೇಲೆ ಉಚಿತವಾಗಿ ಇಳಿಸಿಕೊಂಡು, ಎರಡು ಬಗೆಯಲ್ಲೂ ವರ್ಷಗಟ್ಟಲೆ ಬಳಸಿದ್ದೇನೆ. ಉದ್ಯೋಗನಿಮಿತ್ತ ಜರ್ಮನಿಯಲ್ಲಿದ್ದ ನಾನು 2004ರಲ್ಲಿ ಕೊಂಡದ್ದು ಸೂಸೆ ಲಿನಕ್ಸ್ 9.1ರ ಪ್ರೊಫೆಷನಲ್ ಆವೃತ್ತಿ, ಬೆಲೆ 89.95 ಯೂರೋ. ಸಿಡಿಗಳು, ಡಿವಿಡಿ, ಎರಡು ದಪ್ಪ ಕೈಪಿಡಿಗಳು ಮತ್ತು ಅನುಸ್ಥಾಪನೆಗೆ ನೆರವು ಪಡೆಯಲು ಒಂದು ನೋಂದಣಿ ಸಂಖ್ಯೆ ಆ ಬಾಕ್ಸಿನಲ್ಲಿದ್ದವು.

ಮುಕ್ತ ತಂತ್ರಾಂಶಕ್ಕೆ ಹಣವೇಕೆ ಎಂದು ಆಗ ಅನೇಕರು ಕೇಳುತ್ತಿದ್ದರು. ಪ್ರತಿಯನ್ನು ತಲುಪಿಸುವ ಕೆಲಸಕ್ಕೂ, ಬೇಕೆಂದವರಿಗೆ ಖಾತರಿ ಒದಗಿಸುವುದಕ್ಕೂ ಶುಲ್ಕ ಪಡೆಯಲು, ಮುಕ್ತ ತಂತ್ರಾಂಶವನ್ನು ಹಂಚುವ ನಿಯಮಗಳಿರುವ ಜಿಪಿಎಲ್ ಪರವಾನಗಿಯೇ ಅವಕಾಶ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರೊಫೆಷನಲ್ ಆವೃತ್ತಿಯ ಐಎಸ್‌ಒ ಕಡತಗಳನ್ನು (ಸಿಡಿಗೆ ಬರೆದುಕೊಳ್ಳಬಹುದಾದ ಪಡಿಯಚ್ಚುಗಳನ್ನು) ಸೂಸೆ ಆ ದಿನಗಳಲ್ಲಿ ಬಿಡುಗಡೆ ಮಾಡುತ್ತಿರಲಿಲ್ಲ. ಬಾಕ್ಸ್ ಅಂಗಡಿಗೆ ಬಂದು ಕೆಲವು ವಾರಗಳಾದ ಮೇಲೆ ಎಫ್‌ಟಿಪಿ ಎಂಬ ಕಡತ ವರ್ಗಾವಣೆಯ ವಿಧಾನದ ಮೂಲಕ ಜಾಲದಿಂದಲೇ ನೇರವಾಗಿ ಅನುಸ್ಥಾಪಿಸಿಕೊಳ್ಳಬೇಕಿತ್ತು. ಬೆಂಗಳೂರಿನ ನಮ್ಮ ಮನೆಯಲ್ಲಿದ್ದ ಡಯಲ್‌ಅಪ್ ಸಂಪರ್ಕದಲ್ಲಿ, ಸೆಕೆಂಡಿಗೆ 5 ಕಿಲೋಬೈಟ್ ದೊರೆಯಿತೆಂದೇ ಇಟ್ಟುಕೊಂಡರೂ, 650 ಮೆಗಾಬೈಟಿನ ಒಂದು ಸಿಡಿ ಇಳಿಯಲು ಮೂವತ್ತಾರು ಗಂಟೆ ಬೇಕು, ಅದೂ ಲೈನು ನಡುವೆ ಕಡಿದುಹೋಗದಿದ್ದರೆ. ಅಲ್ಲಿ ಹೆಚ್ಚಿನವರ ಕೈಗೆ ಲಿನಕ್ಸ್ ಸಿಕ್ಕಿದ್ದು ಪಿಸಿಕ್ವೆಸ್ಟ್, ಲಿನಕ್ಸ್ ಫಾರ್ ಯೂ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಿಂದ.

ಬಾಕ್ಸಿನಲ್ಲಿ ನಿಜವಾಗಿ ಬೆಲೆಬಾಳುತ್ತಿದ್ದುದು ಕೈಪಿಡಿಗಳು. ಅದರಲ್ಲೂ ಆಡಳಿತ ಕೈಪಿಡಿಯು ಪಾರ್ಟಿಷನ್, ಬೂಟ್ ಲೋಡರ್, ಕರ್ನಲ್, ಜಾಲದ ಸಿದ್ಧತೆ, ಕಡತ ಹಂಚಿಕೆಯ ಸಾಂಬಾ, ವೆಬ್ ಸರ್ವರ್ ಅಪಾಚೆ ಮುಂತಾದವನ್ನು ಸಾವಧಾನವಾಗಿ ವಿವರಿಸುತ್ತಿತ್ತು. ಸೂಸೆಯ ಸಂರಚನಾ ಸಾಧನವಾದ ಯಾಸ್ಟ್‌ನಲ್ಲಿ ಯಾವ ಗುಂಡಿ ಒತ್ತಬೇಕೆಂದು ಹೇಳಿ ಸುಮ್ಮನಾಗದೆ, ಆ ಗುಂಡಿ ಯಾವ ಸಂರಚನಾ ಕಡತವನ್ನು ಬದಲಿಸುತ್ತದೆ ಎಂಬುದನ್ನೂ ತಿಳಿಸುತ್ತಿತ್ತು. ಮನೆಯಲ್ಲಿ ಇರುವುದು ಒಂದೇ ಗಣಕವಾಗಿ, ಅದೇ ಬೂಟ್ ಆಗದೆ ನಿಂತಾಗ, ಪರಿಹಾರವನ್ನು ಅಂತರಜಾಲದಲ್ಲಿ ಹುಡುಕುವುದಾದರೂ ಹೇಗೆ? ಗಣಕವನ್ನು ಚಾಲೂ ಮಾಡುವ ಬೂಟ್ ಲೋಡರ್ ಆದ ಗ್ರಬ್ ಕೆಟ್ಟ ಸಂದರ್ಭದಲ್ಲಿ ಪುಸ್ತಕವನ್ನು ಕೀಲಿಮಣೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಡಿವಿಡಿಯ ರೆಸ್ಕ್ಯೂ ವ್ಯವಸ್ಥೆಯಿಂದ ಒಂದೊಂದೇ ಆದೇಶವನ್ನು ಟೈಪಿಸಿ ಸರಿಪಡಿಸಿಕೊಳ್ಳುವ ಅನುಕೂಲ ಬಾಕ್ಸ್ ಕೊಂಡವರಿಗಿತ್ತು. ಇಳಿಸಿಕೊಂಡವರಿಗೂ ಪಿಡಿಎಫ್ ಸಿಗುತ್ತಿತ್ತು ಎನ್ನಬಹುದು, ಆದರೆ ಆ ಪಿಡಿಎಫ್ ಇರುವುದು ತೆರೆದುಕೊಳ್ಳದ ಡಿಸ್ಕಿನಲ್ಲಿಯೇ ಅಲ್ಲವೇ!

ನೆರವಿನ ಬಗ್ಗೆ ಅಷ್ಟು ಉತ್ಸಾಹದಿಂದ ಹೇಳಲಾರೆ. ಅದು ಅನುಸ್ಥಾಪನೆಗಷ್ಟೇ ಸೀಮಿತವಾಗಿತ್ತು. ವ್ಯವಸ್ಥೆ ಒಮ್ಮೆ ಅನುಸ್ಥಾಪನೆಗೊಂಡ ಮೇಲೆ ಏಳುವ ಪ್ರಶ್ನೆಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಗಳು ಮಾತ್ರ ಈಗಲೂ ಓದಿಸಿಕೊಳ್ಳುತ್ತವೆ, ಮನೆಯಲ್ಲಿ ಬರೆದ ಸಿಡಿ-ಆರ್‌ಗಳಲ್ಲಿ ಹಲವು ಎಂದೋ ಕೈಕೊಟ್ಟಿವೆ.

ನೊವೆಲ್ ಸಂಸ್ಥೆಯು ಸೂಸೆಯನ್ನು ಕೊಂಡ ಬಳಿಕ, 2005ರ ಆಗಸ್ಟಿನಲ್ಲಿ ಓಪನ್‌ಸೂಸೆ ಯೋಜನೆ ಆರಂಭವಾಯಿತು. ಅದೇ ಅಕ್ಟೋಬರಿನಲ್ಲಿ ಬಂದ 10.0 ಆವೃತ್ತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿತ್ತು. ಆದರೂ ಎರಡರ ನಡುವೆ ವ್ಯತ್ಯಾಸ ಉಳಿದಿತ್ತು. ಪೂರ್ಣ ಮುಕ್ತ ಆವೃತ್ತಿಯಲ್ಲಿ ಇಲ್ಲದ ಜಾವಾ, ಫ್ಲ್ಯಾಶ್, ಅಕ್ರೋಬ್ಯಾಟ್ ರೀಡರ್, ರಿಯಲ್‌ಪ್ಲೇಯರ್ ಮುಂತಾದವು ಬಾಕ್ಸಿನಲ್ಲಿ ಸಿದ್ಧವಾಗಿಯೇ ಬರುತ್ತಿದ್ದವು. ಇಳಿಸಿಕೊಂಡವರು ಹೊರಗಿನವರು ನಡೆಸುವ ಪ್ಯಾಕ್‌ಮನ್ ತಂತ್ರಾಂಶ ಭಂಡಾರವನ್ನು ಸೇರಿಸಿ, ಹಾಡು, ವೀಡಿಯೊ ನುಡಿಸಲು ಬೇಕಾದ ಕೋಡೆಕ್‌ಗಳನ್ನು ತಾವೇ ಹೊಂದಿಸಿಕೊಳ್ಳಬೇಕಿತ್ತು. ಒಮ್ಮೆ ಕಲಿತರೆ ಹತ್ತು ನಿಮಿಷದ ಕೆಲಸ. ಹೊಸಬರಿಗೆ ಮಾತ್ರ ಲಿನಕ್ಸಿನಲ್ಲಿ ಹಾಡೇ ಕೇಳುವುದಿಲ್ಲವೆಂಬ ತಪ್ಪು ಅಭಿಪ್ರಾಯ ಮೂಡಲು ಅಷ್ಟೇ ಸಾಕಾಗಿತ್ತು.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಾನು ಬಾಕ್ಸ್ ಕೊಳ್ಳುವುದನ್ನು ನಿಲ್ಲಿಸಿದೆ. ಡಿವಿಡಿ ಅಂಗಡಿ ತಲುಪುವಷ್ಟರಲ್ಲಿ ಅದರಲ್ಲಿನ ಪ್ಯಾಕೇಜುಗಳಿಗೆ ಭದ್ರತಾ ಪರಿಷ್ಕರಣೆಗಳು ಬಂದಿರುತ್ತಿದ್ದವು, ಹೀಗಾಗಿ ಕೊಂಡವರೂ ಹೇಗಿದ್ದರೂ ಇಳಿಸಿಕೊಳ್ಳಲೇಬೇಕಾಗುತ್ತಿತ್ತು. ಈಗ ಬಳಸುತ್ತಿರುವ ಓಪನ್‌ಸೂಸೆಯ ಟಂಬಲ್‌ವೀಡ್ ಅಂತೂ ನಿರಂತರವಾಗಿ ಬದಲಾಗುವ ವಿತರಣೆಯಾದ್ದರಿಂದ, ಅದನ್ನು ಡಿಸ್ಕಿಗಿಳಿಸಿ ಮಾರುವುದರಲ್ಲಿ ಅರ್ಥವೇ ಇಲ್ಲ. ಇಳಿಸಿಕೊಳ್ಳುವವರು ಚೆಕ್‌ಸಮ್ (ಕಡತ ಕೆಟ್ಟಿಲ್ಲವೆಂದು ತೋರಿಸುವ ಸಂಖ್ಯೆ) ಮತ್ತು ಜಿಪಿಜಿ ಸಹಿಯನ್ನು (ಕಡತ ಅಸಲಿ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿ) ತಪ್ಪದೆ ಪರೀಕ್ಷಿಸಬೇಕು. ಬಾಕ್ಸಿನ ಮೊಹರು ಕೊಡುತ್ತಿದ್ದ ಭರವಸೆಯನ್ನು ಈಗ ಕೊಡುವುದು ಅವೇ. ಆಡಳಿತ ಕೈಪಿಡಿಯನ್ನು ಮಾತ್ರ ಅದೇ ಗುಣಮಟ್ಟದಲ್ಲಿ ಅಚ್ಚುಹಾಕಿ ಮಾರಿದರೆ, ಹಳೆಯ ಬಾಕ್ಸಿನ ಅರ್ಧ ಬೆಲೆಯನ್ನು ಅದೊಂದಕ್ಕೇ ಕೊಡಲು ನಾನು ಇಂದಿಗೂ ಸಿದ್ಧ.